‘ಸಿಎ’ ಅಂದ್ರೆ ಡೂಪ್ಲಿಕೇಟ್ ಅಲ್ಲ ಕಣ್ರೋ! (ಹಳೇ ಕಾರು, ಭಾಗ 5)

ಹೋದ ಪೋಸ್ಟಲ್ಲಿ 1957ರ ಶೆವರ್ಲೆ ನಂಬರ್ ಬಿಡಿಸಿದ್ವಿ, ನೆನಪಿದ್ಯಾ? ವಿಸಿ57ಎಸ್. ವಿ ಅಂದ್ರೆ ವಿ8 ಎಂಜಿನ್, ಸಿ ಅಂದ್ರೆ ಬೆಲ್ ಏರ್, 57 ವರ್ಷ, ಎಸ್ ಅಂದ್ರೆ ಸೇಂಟ್ ಲೂಯಿಸ್ ಕಾರ್ಖಾನೆ. ಫೋರ್ಡ್ ಮಾಡೆಲ್ ಎ (1928–31) ಇಷ್ಟೆಲ್ಲ ಬಾಯಿ ಬಿಡಲ್ಲ. ಒಂದು ‘ಎ’, ಹಿಂದೆ ಅಂಕಿ, ಅಷ್ಟೇ.

ಮಾಗಡೀಲಿ ನಮ್ಮ ದೊಡ್ಡಪ್ಪನ ಶೆಡ್ಡಲ್ಲಿ, ರಾಗಿ ಮೂಟೆ ಪಕ್ಕ, ಅಂಥದ್ದೊಂದಿದೆ. ಬೆಂಗಳೂರಿಂದ ಕೊಳ್ಳೋಕೆ ಬಂದವರೊಬ್ಬರು ಟಾರ್ಚ್ ಬಿಟ್ಟು ನೋಡಿ, “ಅಮೆರಿಕದ್ದು ಬರೀ ‘ಎ’. ಇದು ‘ಸಿಎ’ ಅಂತ ಶುರುವಾಗುತ್ತೆ, ಒರಿಜಿನಲ್ ಅಲ್ಲ” ಅಂತ ಅರ್ಧ ರೇಟ್ ಹೇಳಿದ್ರು. ಅಕ್ಕನ ಮದುವೆ ಹತ್ರ ಬಂದಿದೆ. ದೊಡ್ಡಪ್ಪ ಆಗಲೇ ತಲೆ ಆಡಿಸ್ತಿದ್ರು.

ನಾನು ತಡೆದೆ. ‘ಸಿ’ ಅಂದ್ರೆ ಕೆನಡಾ! ಆಗ ಬ್ರಿಟಿಷರ ಆಳ್ವಿಕೇಲಿದ್ದ ಇಂಡಿಯಾದಂಥ ದೇಶಗಳಿಗೆ ಫೋರ್ಡ್ ಬರ್ತಿದ್ದದ್ದು ಕೆನಡಾ ಕಂಪನಿಯಿಂದ. ಸ್ಟೀರಿಂಗ್ ಬಲಗಡೆ ಇರೋದೂ ಅದಕ್ಕೇ. ಕಾರು ಕೊಳ್ಳೋಕೆ ಬರೋರಿಗೆ ಇದು ಗೊತ್ತಿರಲ್ವಾ? ನಂಗ್ಯಾಕೋ ಡೌಟು.

ಆರ್‌ಸಿ ನಂಬರೂ ಎಂಜಿನ್ ನಂಬರೂ ಒಂದೇ ಇದೆ. ಆದ್ರೆ ಎಂಜಿನ್ ಎತ್ತಿ ಇನ್ನೊಂದು ಕಾರಿಗೆ ಕೂರಿಸಬಹುದು. ಅದೇ ನಂಬರ್ ಫ್ರೇಮ್ ಮೇಲೂ ಹೊಡೆದಿರ್ತಾರೆ, ಮೇಲೆ ಬಾಡಿ ಕೂತು ಮುಚ್ಕೊಂಡಿರುತ್ತೆ. ಅದೂ ಹೊಂದಿದ್ರೆ ಯಾರೂ ರೇಟ್ ಇಳಿಸೋ ಹಾಗಿಲ್ಲ. ಹೊಂದದಿದ್ರೆ ದೊಡ್ಡಪ್ಪಂಗೆ ನಾನೇ ಹೇಳ್ಬೇಕು.

ಭಾನುವಾರ ಬಾಡಿ ಎತ್ತೋಕೆ ಆರು ಜನ ಬೇಕು. ಕೈ ಜೋಡಿಸೋರು ಕಾಮೆಂಟ್ ಹಾಕಿ, ಕೈ ಕೊಡೋರು ಬೇಡ. ದೊಡ್ಡಮ್ಮ ಮುದ್ದೆ, ಬಸ್ಸಾರು ಮಾಡ್ತಾರಂತೆ.