ಜಾಲಿಯ ಮರಳಿನಿಂದ ಹಿಮದ ಹಾದಿಗೆ

ಭಟ್ಕಳ ಪೇಟೆ ಬಿಟ್ಟು ಪಡುವಣಕ್ಕೆ ಹೊರಟರೆ ಸ್ವಲ್ಪ ಹೊತ್ತಿಗೇ ಜಾಲಿ. ರಸ್ತೆ ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಅರಬ್ಬೀ ಸಮುದ್ರ. ಸಂಜೆ ಇಲ್ಲಿ ಓಡುವ ಮಕ್ಕಳಿಗೆ ಒಂದು ಸಂಗತಿ ಯಾರೂ ಹೇಳಿಕೊಡದೆ ಗೊತ್ತು: ಒಣ ಮರಳಿನಲ್ಲಿ ಹೆಜ್ಜೆ ಹೂತು ಏದುಸಿರು ಬರುತ್ತದೆ, ನೀರಂಚಿನ ಒದ್ದೆ ಮರಳಿನ ಮೇಲೆ ಅದೇ ಓಟ ಹಗುರ. ಹಿಮದ ನಾಡಿನ ಮಕ್ಕಳ ಕಷ್ಟವೂ ಇಂಥದೇ. ಮೆತ್ತನೆಯ ಹಿಮದಲ್ಲಿ ಮೊಣಕಾಲುದ್ದ ಹೂತುಹೋಗದಿರಲೆಂದು ಅಲ್ಲಿಯವರು ಸಾವಿರಾರು ವರ್ಷಗಳ ಹಿಂದೆಯೇ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡರು. ದೇಹದ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಯಿತು, ಒತ್ತಡ ಇಳಿಯಿತು. ಹಲಗೆ ಉಜ್ಜಿದಾಗ ಹುಟ್ಟುವ ಶಾಖಕ್ಕೆ ಹಿಮದ ಮೇಲ್ಪದರ ಕೊಂಚ ಕರಗಿ ನೀರಿನ ತೆಳುಪೊರೆಯಾಗಿ ಜಾರುವುದೂ ಸುಲಭವಾಯಿತು. ಅದೇ ಸ್ಕೀಯಿಂಗ್.

ಜಾಲಿಯ ಮಗುವಿಗಾದರೋ ಹಿಮವೆಂದರೆ ಮೀನಿನ ಪೆಟ್ಟಿಗೆಯೊಳಗಿನ ಐಸು. ಇಂಥ ಸೀಮೆಯಿಂದ ಹಿಮದ ಓಟಗಾರರು ಹುಟ್ಟಿಯಾರೇ ಎಂದು ಕೇಳಿದರೆ ನಗುವವರೇ ಹೆಚ್ಚು. ಉತ್ತರ ಇರುವುದು ಇದೇ ಕರ್ನಾಟಕದ ಇನ್ನೊಂದು ಮೂಲೆಯಲ್ಲಿ, ಕೊಡಗಿನಲ್ಲಿ.

ಭಟ್ಕಳದಿಂದ ಹೆದ್ದಾರಿ ಹಿಡಿದು ಮಂಗಳೂರು, ಅಲ್ಲಿಂದ ಪುತ್ತೂರು, ಸುಳ್ಯ. ಸಂಪಾಜೆ ದಾಟಿದ ಮೇಲೆ ಬಸ್ಸು ಘಾಟಿ ಏರತೊಡಗುತ್ತದೆ, ಕಿಟಕಿಯ ಗಾಳಿ ತಣ್ಣಗಾಗುತ್ತದೆ. ಮಡಿಕೇರಿಯಿಂದ ಮುಂದೆ ನಾಪೋಕ್ಲು. ಇಕ್ಕೆಲದಲ್ಲೂ ಕಾಫಿ ತೋಟ, ಕಾಳುಮೆಣಸಿನ ಬಳ್ಳಿ, ತಗ್ಗಿನಲ್ಲಿ ಗದ್ದೆ, ಹತ್ತಿರದಲ್ಲೇ ಕಾವೇರಿ. ತೆಕ್ಕಡ ಭವಾನಿ ನಂಜುಂಡ ಈ ಕಡೆಯವರು. ಬೆಳೆಗಾರರ ಮನೆಯ ಈ ಹುಡುಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ಎಂದರೆ ಹಿಮದ ಮೇಲಿನ ದೂರದ ಓಟದಲ್ಲಿ, ಭಾರತಕ್ಕೆ ಪದಕ ತಂದವರು.

ನಾಪೋಕ್ಲುವಿನಿಂದ ಕಕ್ಕಬ್ಬೆಗೆ ಹೋದರೆ ತಡಿಯಂಡಮೋಳ್ ಕಾಣುತ್ತದೆ. ಎತ್ತರ 1,748 ಮೀಟರ್, ಕೊಡಗಿನಲ್ಲೇ ಅತಿ ಎತ್ತರದ ಶಿಖರ. ಇಟಲಿಯ ಉತ್ತರದ ತುದಿಯಲ್ಲಿ ಆಂಟ್‌ಹೋಲ್ಟ್ಸ್ ಎಂಬ ಕಣಿವೆಯಿದೆ. ಜರ್ಮನ್ ಮಾತಾಡುವವರಿಗೆ ಆಂಟ್‌ಹೋಲ್ಟ್ಸ್, ಇಟಾಲಿಯನ್ ಮಾತಾಡುವವರಿಗೆ ಆಂಟೆರ್‌ಸೆಲ್ವಾ. ಕನ್ನಡ, ಕೊಂಕಣಿ, ನವಾಯತಿ ಒಟ್ಟಿಗೇ ಕಿವಿಗೆ ಬೀಳುವ ಭಟ್ಕಳದವರಿಗೆ ಇದು ಸೋಜಿಗವಲ್ಲ. ಅಲ್ಲಿನ ಬಯಾಥ್ಲಾನ್ ಕ್ರೀಡಾಂಗಣ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ನಮ್ಮ ತಡಿಯಂಡಮೋಳ್ ಅದಕ್ಕಿಂತಲೂ ಎತ್ತರ! ಆದರೂ ಅಲ್ಲಿ ಹಿಮ, ಇಲ್ಲಿ ಹುಲ್ಲು. ಒಂದು ಕಿಲೋಮೀಟರ್ ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಜಾಲಿಯ ದಂಡೆಯಲ್ಲಿ 27 ಡಿಗ್ರಿ ಇದೆಯೆಂದು ಇಟ್ಟುಕೊಂಡರೆ ಸೊನ್ನೆ ಮುಟ್ಟಲು ನಾಲ್ಕು ಕಿಲೋಮೀಟರಿಗೂ ಎತ್ತರದ ಬೆಟ್ಟ ಬೇಕು. ಆಂಟ್‌ಹೋಲ್ಟ್ಸ್ ಇರುವುದು ಸುಮಾರು 47 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಚಳಿಗಾಲದ ಸೂರ್ಯ ಅಲ್ಲಿ ಓರೆಯಾಗಿ, ಸ್ವಲ್ಪ ಹೊತ್ತು ಮಾತ್ರ ಬೆಳಗುವುದರಿಂದ ಕಣಿವೆಯ ತಳದಲ್ಲೇ ಹಿಮ ಕೂರುತ್ತದೆ.

ಆ ಕಣಿವೆಯ ಹುಡುಗಿ ಡೊರೊಥೆಯಾ ವೀರರ್. ಹುಟ್ಟಿದ್ದು 1990ರಲ್ಲಿ. ಮನೆಯ ಹತ್ತಿರವೇ ಹಿಮದ ಹಾದಿ, ಹತ್ತಿರವೇ ಗುಂಡು ಹೊಡೆಯುವ ಕಣ. 2011ರ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೂರು ಚಿನ್ನ ಗೆದ್ದಾಗ ಅವರಿಗೆ 20 ವರ್ಷ. 2020ರಲ್ಲಿ ತಮ್ಮದೇ ಕಣಿವೆಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡು ಚಿನ್ನ. ಬಯಾಥ್ಲಾನ್ ಎಂದರೆ ಬೆನ್ನಿಗೆ ಬಂದೂಕು ಹೊತ್ತು ಹಿಮದಲ್ಲಿ ಓಡುವುದು, ನಡುವೆ ನಿಂತು 50 ಮೀಟರ್ ದೂರದ ಗುರಿಗೆ ಹೊಡೆಯುವುದು. ಮಲಗಿ ಹೊಡೆಯುವಾಗ ಗುರಿಯ ವ್ಯಾಸ 45 ಮಿಲಿಮೀಟರ್, ಒಂದು ನಿಂಬೆಹಣ್ಣಿನಷ್ಟು. ಎದೆ ಡವಗುಟ್ಟುತ್ತಿರುವಾಗ ಕೈ ಅಲುಗಬಾರದು. ಬಹಳಷ್ಟು ಸ್ಪರ್ಧೆಗಳಲ್ಲಿ ಒಂದು ಗುರಿ ತಪ್ಪಿದರೆ 150 ಮೀಟರ್ ಹೆಚ್ಚಿಗೆ ಸುತ್ತಬೇಕು.

ಇದನ್ನು ಓದಿದ ಕೊಡಗಿನವರಿಗೆ ಸಣ್ಣ ಹೊಟ್ಟೆಕಿಚ್ಚು ಆದೀತು. ಬಂದೂಕು ಅವರ ಮನೆಯಲ್ಲೇ ಇದೆಯಲ್ಲ! ಸೆಪ್ಟೆಂಬರ್ ಮೊದಲ ವಾರದ ಕೈಲ್ ಮುಹೂರ್ತಕ್ಕೆ ಕೋವಿ ಪೂಜೆ, ಮರದ ಮೇಲಿನ ತೆಂಗಿನಕಾಯಿಗೆ ಗುರಿ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ವಿಸ್ತರಿಸಿತು. ಇಲ್ಲದ್ದು ಹಿಮ ಒಂದೇ.

ಹಿಮವಿದ್ದಲ್ಲಿಗೆ ಕೊಡಗಿನವರು ಹೋದದ್ದು ಹೆಚ್ಚಾಗಿ ಸೈನ್ಯದ ದಾರಿಯಲ್ಲಿ. ಮಡಿಕೇರಿಯ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಜನರಲ್ ತಿಮ್ಮಯ್ಯನವರ ಮನೆ ಅದು. 1948ರ ನವೆಂಬರ್‌ನಲ್ಲಿ ಸುಮಾರು ಮೂರೂವರೆ ಸಾವಿರ ಮೀಟರ್ ಎತ್ತರದ ಜೋಜಿ ಲಾ ಕಣಿವೆಮಾರ್ಗಕ್ಕೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸ ಅವರದು. ಮಕ್ಕಳನ್ನು ಕೊಡಗಿಗೆ ಪ್ರವಾಸ ಕರೆದೊಯ್ಯುವವರು ರಾಜಾಸೀಟಿನಲ್ಲೇ ಹೊತ್ತು ಕಳೆಯದೆ ಇಲ್ಲಿಗೂ ಒಂದು ಗಂಟೆ ಮೀಸಲಿಡುವುದು ಒಳ್ಳೆಯದು.

ಭವಾನಿಯವರದೂ ಸಮವಸ್ತ್ರದಿಂದಲೇ ಆರಂಭ, ಆದರೆ ಎನ್.ಸಿ.ಸಿ.ಯ ಸಮವಸ್ತ್ರ. ಅಲ್ಲಿಂದ ಪರ್ವತಾರೋಹಣ, ಪರ್ವತದಿಂದ ಹಿಮ, ಹಿಮದಿಂದ ಸ್ಕೀ. ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿಗಳ ಪರ್ವತಾರೋಹಣ ಸಂಸ್ಥೆಗಳು ಆರಂಭಿಕ ತರಬೇತಿ ನಡೆಸುತ್ತವೆ, ಸ್ಕೀ ಕಲಿಯಲು ಗುಲ್‌ಮಾರ್ಗ್ ಇದೆ. ಕಾಲೇಜಿನ ಸೂಚನಾಫಲಕದಲ್ಲಿ ಇಂಥದೊಂದು ಚೀಟಿ ಅಂಟಿಸಿದರೆ ಎಷ್ಟು ಜನ ನಿಂತು ಓದುತ್ತಾರೆ, ಓದಿದವರಲ್ಲಿ ಎಷ್ಟು ಜನರ ಮನೆಯಲ್ಲಿ ‘ಹೋಗು’ ಎನ್ನುತ್ತಾರೆ? ಅಷ್ಟು ದೂರ, ಅಷ್ಟು ಚಳಿ, ಖರ್ಚು ಬೇರೆ, ಇದರಿಂದ ಕೆಲಸ ಸಿಗುತ್ತದೆಯೇ? ಪ್ರಶ್ನೆಗಳು ಸುಳ್ಳಲ್ಲ. ವೀರರ್ ಹುಟ್ಟುವಾಗಲೇ ಬಾಗಿಲಿಗೆ ಬಂದಿದ್ದ ಹಿಮಕ್ಕಾಗಿ ಭವಾನಿ ದೇಶದ ಇನ್ನೊಂದು ತುದಿಗೆ ಹೋಗಬೇಕಾಯಿತು, ಅದೂ ಬಾಲ್ಯ ದಾಟಿದ ಮೇಲೆ. ಮೈ ಬಲಿತ ಮೇಲೆ ಹೊಸ ಸಮತೋಲ ಕಲಿಯುವುದು ದೊಡ್ಡವರಾದ ಮೇಲೆ ಈಜು ಕಲಿತಂತೆ. ಬಾರದ್ದೇನಲ್ಲ, ಹೆದರಿಕೆ ಜಾಸ್ತಿ.

ಗುಲ್‌ಮಾರ್ಗ್‌ನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಹಿಮಾಲಯದ ಮಕ್ಕಳ ಎದುರು ಕರ್ನಾಟಕಕ್ಕೆ ಚಿನ್ನ ಗೆದ್ದರು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತದ ಪರ ಸ್ಪರ್ಧಿಸಿದರು. 2025ರಲ್ಲಿ, ಇಲ್ಲಿ ಮಳೆ ಸುರಿಯುವ ಕಾಲದಲ್ಲಿ, ಹಿಮ ಹುಡುಕಿಕೊಂಡು ಭೂಮಧ್ಯರೇಖೆ ದಾಟಿ ಚಿಲಿಗೆ ಹೋದರು. ನಮ್ಮ ಮಳೆಗಾಲವೇ ಅಲ್ಲಿನ ಚಳಿಗಾಲ. ಲೋಂಕಿಮಾಯ್ ಜ್ವಾಲಾಮುಖಿಯ ಇಳಿಜಾರಿನ ಕೊರಾಲ್ಕೊ ಎಂಬಲ್ಲಿ ಐದು ಕಿಲೋಮೀಟರ್ ಓಟ. ಇದರಲ್ಲಿ ಸ್ಪರ್ಧಿಗಳನ್ನು ಗೊತ್ತಾದ ಅಂತರದಲ್ಲಿ ಒಬ್ಬೊಬ್ಬರಾಗಿ ಬಿಡುತ್ತಾರೆ, ಪಕ್ಕದವರನ್ನು ನೋಡಿ ಓಡುವಂತಿಲ್ಲ, ಗಡಿಯಾರವೇ ಎದುರಾಳಿ. ಭವಾನಿ 21 ನಿಮಿಷ 4.9 ಸೆಕೆಂಡುಗಳಲ್ಲಿ ಮುಗಿಸಿ ಮೂರನೆಯವರಾದರು. ಈ ಆಟದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾರತದ ಮಹಿಳೆಯೊಬ್ಬರು ಗೆದ್ದ ಮೊದಲ ಪದಕ ಅದು.

ಅದು ವಿಶ್ವಕಪ್ ಮಟ್ಟದ ಓಟವಲ್ಲ. ಲೆಕ್ಕ ಹಾಕಿದರೆ ವೇಗ ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಚಿಲ್ಲರೆ; ಯುರೋಪಿನ ಅಗ್ರಗಣ್ಯರು ಇದಕ್ಕಿಂತ ಬಹಳ ಮುಂದಿದ್ದಾರೆ. ಆ ಅಂತರವನ್ನು ಅವರು ಬಾಲ್ಯದ ಚಳಿಗಾಲಗಳಲ್ಲಿ ಗಳಿಸಿದ್ದು. ನಾಪೋಕ್ಲುವಿನ ಆ ವರ್ಷಗಳಲ್ಲಿ ಸುರಿದದ್ದೆಲ್ಲ ಮಳೆಯೇ.