ಆಕಾಶಗಾಮಿಗಳ ಪಾಳಿ

ವಿಮಾನವೇರಿ ಕುಳಿತ ಗೃಹಸ್ಥನಿಗೆ ಅದನ್ನು ನಡೆಸುವವನ ಮುಖವು ಕಾಣುವುದಿಲ್ಲ. ಬಾಗಿಲ ಹಿಂದಿನಿಂದ ಒಂದು ಧ್ವನಿ ಬರುತ್ತದೆ. ಹೆಸರು ಹೇಳುತ್ತದೆ, ಹವೆಯ ಸ್ಥಿತಿಯನ್ನು ತಿಳಿಸುತ್ತದೆ, ಸುಮ್ಮನಾಗುತ್ತದೆ. ಆ ಧ್ವನಿಯವನು ಇಂದು ಇಲ್ಲಿ ಏಕೆ ಇದ್ದಾನೆ, ತನ್ನ ಮನೆಯಲ್ಲಿ ಏಕೆ ಇಲ್ಲ, ಹಾಗೆಂದು ಗೊತ್ತುಮಾಡಿದವರು ಯಾರು ಎಂಬ ಪ್ರಶ್ನೆಯು ನಮ್ಮಲ್ಲಿ ಯಾರಿಗೂ ಹುಟ್ಟುತ್ತಿರಲಿಲ್ಲ. 2025ನೆಯ ಇಸವಿ ಡಿಸೆಂಬರ್ ಮೊದಲ ವಾರದಲ್ಲಿ ಅದು ಹುಟ್ಟಿತು. ಇಂಡಿಗೋ ಕಂಪನಿಯ ವಿಮಾನಗಳು ಸಾವಿರಗಟ್ಟಲೆಯಾಗಿ ರದ್ದಾದುವು. ಬೆಂಗಳೂರಿನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಪೆಟ್ಟಿಗೆಗಳ ಮೇಲೆ ಕುಳಿತು ಹೊತ್ತು ಕಳೆದರು. ಪೈಲಟರಿಗೆ ವಾರಕ್ಕೆ 36 ಗಂಟೆಗಳಿಗೆ ಬದಲಾಗಿ 48 ಗಂಟೆಗಳ ಬಿಡುವು ಕೊಡತಕ್ಕದ್ದು, ರಾತ್ರಿಯ ಇಳಿತಗಳು ಆರಕ್ಕೆ ಬದಲಾಗಿ ಎರಡೇ ಇರತಕ್ಕದ್ದು ಎಂಬ ನಿಯಮಗಳು ಅದರ ಹಿಂದಿನ ತಿಂಗಳ ಹೊತ್ತಿಗೆ ಜಾರಿಗೆ ಬಂದಿದ್ದುವು. ಅದಕ್ಕೆ ತಕ್ಕಂತೆ ಪಾಳಿಗಳನ್ನು ಹೊಂದಿಸುವುದು ಕಂಪನಿಗೆ ಆಗದೆ ಹೋಯಿತು. ಪಾಳಿಯ ಪಟ್ಟಿ ಕೆಟ್ಟರೆ ಎಣ್ಣೆ ತುಂಬಿದ ವಿಮಾನವೂ ನೆಲ ಬಿಡುವುದಿಲ್ಲವೆಂದು ಜನಕ್ಕೆ ಆಗ ತಿಳಿಯಿತು.

ನಾವು ಹೇಳಹೊರಟಿರುವುದು ಇಲ್ಲಿಯ ಪಾಳಿಯ ಮಾತಲ್ಲ, ಅಮೆರಿಕ ದೇಶದ್ದು. ಅಲ್ಲಿ ಪೈಲಟರು ತಮ್ಮ ಪಾಳಿಯನ್ನು ತಾವೇ ಆರಿಸಿಕೊಳ್ಳುತ್ತಾರೆ; ಆರಿಸಿಕೊಳ್ಳುವ ಬಗೆ ಯಾವುದಿರಬೇಕೆಂದು ವರ್ಷಗಟ್ಟಲೆ ಜಗಳವಾಡುತ್ತಾರೆ. ಈ ಸಂಗತಿ ನಮಗೆ ತಿಳಿದದ್ದು ನಮ್ಮ ಸೋದರಳಿಯನಿಂದ. ಆತನು ಅಲ್ಲಿಯ ಒಂದು ದೊಡ್ಡ ಕಂಪನಿಯಲ್ಲಿ ಪೈಲಟನಾಗಿದ್ದಾನೆ. ಮೊದಲು ಒಂದು ಚಿಕ್ಕ ಕಂಪನಿಯಲ್ಲಿದ್ದನು, ಅದು ಮುಚ್ಚಿಹೋಯಿತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಈ ಕಂಪನಿಗೆ ಸೇರಿದನು. ಆ ದೇಶದ ವಾಡಿಕೆಯೇನೆಂದರೆ, ಇಪ್ಪತ್ತು ವರ್ಷ ವಿಮಾನ ನಡೆಸಿದ ಕ್ಯಾಪ್ಟನ್ನನೇ ಆಗಲಿ, ಕಂಪನಿ ಬದಲಾಯಿಸಿದರೆ ಹೊಸ ಕಂಪನಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ನಿಲ್ಲಬೇಕು. ತಲೆಯಲ್ಲಿ ನರೆಗೂದಲು ಬಂದ ಮೇಲೆ ನಮ್ಮ ಹುಡುಗನು ಹೀಗೆ ಕೊನೆಯ ಮಣೆಗೆ ಹೋಗಿ ಕುಳಿತನು.

ಹಳೆಯ ಪದ್ಧತಿ ಹೀಗೆ. ಒಂದು ಊರಿನಿಂದ ಹೊರಟು, ಎರಡು ಮೂರು ನಾಲ್ಕು ದಿನ ಬೇರೆ ಬೇರೆ ಊರುಗಳಲ್ಲಿ ಇಳಿದು ತಂಗಿ, ಹೊರಟ ಊರಿಗೆ ಹಿಂದಿರುಗಿದರೆ ಅದು ಒಂದು ಸುತ್ತು. ಇಂತಹ ಸುತ್ತುಗಳನ್ನು ಕಂಪನಿಯವರು ಒಂದು ತಿಂಗಳ ಮಟ್ಟಿಗೆ ಪೋಣಿಸುತ್ತಾರೆ. ಹಾಗೆ ಪೋಣಿಸಿದ್ದಕ್ಕೆ ಸಾಲು ಎಂದು ಹೆಸರು. ನೂರು ಜನ ಪೈಲಟರಿದ್ದರೆ ಹತ್ತಿರ ಹತ್ತಿರ ನೂರು ಸಾಲುಗಳನ್ನು ಬರೆದು ಮುಂದಿನ ತಿಂಗಳಿಗೆಂದು ಎಲ್ಲರ ಕೈಗೂ ಕೊಡುತ್ತಾರೆ. ಒಬ್ಬೊಬ್ಬನೂ ತನಗೆ ಬೇಕಾದ ಸಾಲುಗಳನ್ನು ಒಂದು, ಎರಡು, ಮೂರು ಎಂದು ಗುರುತುಹಾಕಿ ಒಪ್ಪಿಸಬೇಕು. ಸೇವೆಗೆ ಎಲ್ಲರಿಗಿಂತ ಮೊದಲು ಸೇರಿದವನಿಗೆ ಅವನ ಮೊದಲನೆಯ ಆಯ್ಕೆ ಸಿಕ್ಕುತ್ತದೆ. ಐವತ್ತನೆಯವನು ಐವತ್ತು ಆಯ್ಕೆಗಳನ್ನಾದರೂ ಬರೆದಿರಬೇಕು; ನಲವತ್ತೊಂಬತ್ತು ಕೈ ಜಾರಿಹೋಗಿರಬಹುದಲ್ಲವೆ! ಕೊನೆಗೆ ನಿಂತವರಿಗೆ ಸಾಲೇ ಇಲ್ಲ. ಅವರು ರಿಸರ್ವಿನಲ್ಲಿ ಕಾದಿರಬೇಕು. ಕರೆ ಬಂದರೆ ಹೊರಡಬೇಕು.

ಇದನ್ನು ಕೇಳಿದಾಗ ನಮಗೆ ಮದುವೆಮನೆಯ ಊಟ ನೆನಪಾಯಿತು. ಮೊದಲ ಪಂಕ್ತಿಯವರಿಗೆ ಎಲೆಯ ತುದಿಯಿಂದ ತುದಿಗೆ ಬಡಿಸುತ್ತಾರೆ. ಮೂರನೆಯ ಪಂಕ್ತಿಯ ಹೊತ್ತಿಗೆ ಸಾರು ತೆಳ್ಳಗಾಗಿ, ಹೋಳಿಗೆ ಅರ್ಧವಾಗಿರುತ್ತದೆ. ಈ ಆರಿಸುವ ಕೆಲಸಕ್ಕೆ ಅಲ್ಲಿ ಬಿಡ್ ಎನ್ನುತ್ತಾರೆ. ನಮ್ಮಲ್ಲಿ ಹರಾಜಿನಲ್ಲಿ ಕೂಗುವ ಸವಾಲಿಗೆ ಅದೇ ಹೆಸರು. ಆದರೆ ಹರಾಜಿನಲ್ಲಿ ಕೂಗುವುದು ಹಣವನ್ನು. ಇಲ್ಲಿ ಕೂಗುವುದು ಕೆಲಸಕ್ಕೆ ಸೇರಿದ ತಾರೀಖನ್ನು. ಸಾಲ ತಂದು ಅದನ್ನು ಹೆಚ್ಚಿಸುವಂತಿಲ್ಲ.

“ದೇವಸ್ಥಾನದ ಅರ್ಚಕರು ಪೂಜೆಯ ಸರದಿಯನ್ನು ಹಂಚಿಕೊಳ್ಳುವಂತೆ ನೀವೂ ಹಬ್ಬಗಳನ್ನು ವರ್ಷಕ್ಕೊಬ್ಬರಂತೆ ಹಂಚಿಕೊಳ್ಳಬಾರದೇನಯ್ಯ?” ಎಂದು ಕೇಳಿದೆವು.

“ಆಗಬಹುದು ಮಾವ. ಯೂರೋಪಿನ ಕೆಲವು ಕಂಪನಿಗಳಲ್ಲಿ ಹಾಗೂ ಉಂಟು. ಆದರೆ ಸರದಿಯನ್ನು ಬರೆಯುವವನು ಒಬ್ಬ ಬೇಕಲ್ಲ? ಹಿಂದೆ ಯಜಮಾನನಿಗೆ ಬೇಕಾದವನಿಗೆ ಹಗಲಿನ ಹಾರಾಟ, ಎದುರು ಮಾತಾಡಿದವನಿಗೆ ರಾತ್ರಿಯದು ಎಂದಾಗುತ್ತಿತ್ತಂತೆ. ನಂಬರಿಗೆ ನೆಂಟರಿಲ್ಲ ನೋಡಿ” ಎಂದನು.

ಈ ಮಾತನ್ನು ಕೊನೆಯ ಪಂಕ್ತಿಯವನೇ ಹೇಳಿದ್ದು ನಮಗೆ ಆಶ್ಚರ್ಯವಾಯಿತು. ಅಲ್ಲಿಯ ಪೈಲಟರ ಸಂಘವು 1931ರಲ್ಲಿ ಹುಟ್ಟಿತು. ತಿಂಗಳಿಗೆ 85 ಗಂಟೆಗಳಿಗಿಂತ ಹೆಚ್ಚು ಹಾರಿಸಕೂಡದೆಂಬ ತೀರ್ಮಾನವನ್ನು 1934ರಲ್ಲಿ ಕಾರ್ಮಿಕ ಮಂಡಲಿಯೊಂದರಿಂದ ಪಡೆಯಿತು. ಗಂಟೆಗಳಿಗೆ ಮಿತಿ ಬಂದರೂ ಯಾವ ಗಂಟೆಗಳು ಎಂಬುದು ಉಳಿದೇ ಇದ್ದಿತು. ಅದಕ್ಕೆ ಅವರು ಹಿಡಿದುಕೊಂಡ ಆಧಾರ ಈ ನಂಬರು.

ಹೊಸ ಪದ್ಧತಿಯ ಹೆಸರು ಪ್ರಿಫರೆನ್ಷಿಯಲ್ ಬಿಡ್ಡಿಂಗ್ ಎಂದು. ನಾವು ಯಂತ್ರದ ಪದ್ಧತಿ ಎಂದು ಕರೆಯೋಣ. ಇದರಲ್ಲಿ ಮೊದಲೇ ಪೋಣಿಸಿದ ಸಾಲುಗಳಿಲ್ಲ. ಪೈಲಟನು ತನ್ನ ಇಷ್ಟಗಳನ್ನು ಗಣಕಯಂತ್ರಕ್ಕೆ ತಿಳಿಸುತ್ತಾನೆ: ಇಂತಹ ದಿನ ಬಿಡುವು ಬೇಕು, ರಾತ್ರಿಯಿಡೀ ಹಾರುವುದು ಬೇಡ, ಇಂತಹ ಊರಿನಲ್ಲಿ ತಂಗಬೇಕು. ಯಂತ್ರವು ಅದೇ ನಂಬರಿನ ಕ್ರಮದಲ್ಲಿ ಒಬ್ಬೊಬ್ಬನಿಗೂ ಸುತ್ತುಗಳನ್ನು ಪೋಣಿಸುತ್ತದೆ. ಕಂಪನಿಯ ಯಾವ ಸುತ್ತೂ ಪೈಲಟನಿಲ್ಲದೆ ಉಳಿಯಬಾರದೆಂಬುದು ಅದಕ್ಕೆ ಹಾಕಿದ ಕಟ್ಟು. ಆದುದರಿಂದ ಜನ ಸಾಲದ ದಿನಗಳಲ್ಲಿ ಅದು ಕೇಳಿದ್ದನ್ನು ಬಿಟ್ಟು ಕೇಳದ್ದನ್ನು ಕೊಡುವುದೂ ಉಂಟು.

ನಮ್ಮ ಸೋದರಳಿಯನಿಗೆ ಈ ಯಂತ್ರದ ಮೇಲೆ ಮನಸ್ಸು ಹೋಗಲು ಒಂದು ಕಾರಣವಿತ್ತು. ಆತನು ತಂದೆಗೆ ಒಬ್ಬನೇ ಮಗ. ತಂದೆಯ ಶ್ರಾದ್ಧವು ಮಾರ್ಗಶಿರ ಬಹುಳ ಸಪ್ತಮಿ. ತಿಥಿಯು ತಾರೀಖಿಗೆ ಕಟ್ಟುಬಿದ್ದದ್ದಲ್ಲವಷ್ಟೆ. 2024ರ ಡಿಸೆಂಬರಿನಲ್ಲಿ ಅದು ಕ್ರಿಸ್ಮಸ್ಸಿನ ಹತ್ತಿರ ಬಂದಿತು, ಅದರ ಹಿಂದಿನದು ಹೊಸ ವರ್ಷದ ಮೇಲೆ ಬಂದಿದ್ದಿತು. ಅಮೆರಿಕದಲ್ಲಿ ಎಲ್ಲ ಪೈಲಟರೂ ಮನೆಯಲ್ಲಿರಬೇಕೆನ್ನುವ ದಿನಗಳು ಅವೇ. ಹಾಳೆಯ ಪದ್ಧತಿಯಲ್ಲಿ ಆ ಒಂದು ದಿನ ಬಿಡುವಿರುವ ಸಾಲನ್ನು ಹುಡುಕಿ, ಅದು ಮೇಲಿನವರ ಕಣ್ಣಿಗೆ ಬೀಳದಿರಲೆಂದು ಕಾಯಬೇಕು. ಆ ಒಂದು ದಿನಕ್ಕಾಗಿ ಉಳಿದ ಇಪ್ಪತ್ತೊಂಬತ್ತು ದಿನಗಳ ಕೆಟ್ಟ ಸಾಲನ್ನೂ ಒಪ್ಪಿಕೊಳ್ಳಬೇಕು. ಒಂದು ವರ್ಷ ಅದೂ ಸಿಕ್ಕಲಿಲ್ಲ. ರಿಸರ್ವಿನಲ್ಲಿದ್ದವನಿಗೆ ಹಿಂದಿನ ರಾತ್ರಿ ಕರೆ ಬಂದಿತು. ಅಮಾವಾಸ್ಯೆಯ ದಿನ ಮಾಡಬಹುದೆಂದು ಪುರೋಹಿತರು ದೂರವಾಣಿಯಲ್ಲಿ ಸಮಾಧಾನ ಹೇಳಿದರು. ಮಗನ ಮನೆಯಲ್ಲಿರುವ ನಮ್ಮ ತಂಗಿ ಸರಿಯೆಂದಳು. ಆದರೆ ಸಪ್ತಮಿಯಂದು ಒಲೆ ಹಚ್ಚಲಿಲ್ಲ. ಸಂಜೆಯವರೆಗೂ ಏನೂ ತಿನ್ನಲಿಲ್ಲ.

ಯಂತ್ರಕ್ಕಾದರೆ “ಈ ಒಂದು ದಿನ ಬಿಡು, ಉಳಿದದ್ದು ನಿನ್ನಿಷ್ಟ” ಎಂದು ಹೇಳಬಹುದು. ಕೆಳಗಿನ ನಂಬರಿನವನಿಗೂ ಅಷ್ಟು ಸಿಕ್ಕುವ ಸಂಭವ ಹೆಚ್ಚು.

ಹೀಗಿರುವಲ್ಲಿ ಕಂಪನಿಗೂ ಸಂಘಕ್ಕೂ ಹೊಸ ಕರಾರಿನ ಮಾತುಕತೆ ಆರಂಭವಾಯಿತು. ಕಂಪನಿಯವರು ಯಂತ್ರದ ಪದ್ಧತಿ ಬೇಕೆಂದರು. ಇವನ ಪಕ್ಕದಲ್ಲಿ ಕುಳಿತು ವಿಮಾನ ನಡೆಸುವ ಹಿರಿಯ ಕ್ಯಾಪ್ಟನ್ನರೊಬ್ಬರು ಕೆಂಡವಾದರು. ಅವರ ಸಿಟ್ಟಿನ ಬೇರು ರಜೆಯಲ್ಲಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರಿಗೆ ತಿಂಗಳ 8ರಿಂದ 14ರವರೆಗೆ ಒಂದು ವಾರ ರಜೆ ಎಂದಿಟ್ಟುಕೊಳ್ಳಿ. ಅವರು ಜಾಣತನದಿಂದ ಎಂತಹ ಸಾಲನ್ನು ಆರಿಸುತ್ತಾರೆಂದರೆ, ಅದರಲ್ಲಿ ಒಂದು ಸುತ್ತು 6ರಿಂದ 9ರವರೆಗೆ, ಇನ್ನೊಂದು 13ರಿಂದ 16ರವರೆಗೆ ಇರುತ್ತದೆ. ಎರಡೂ ರಜೆಯ ಅಂಚನ್ನು ಮುಟ್ಟುತ್ತವೆ. ಮುಟ್ಟಿದ ಸುತ್ತು ಇಡಿಯಾಗಿ ಬಿದ್ದುಹೋಗಬೇಕು, ಸಂಬಳ ಮಾತ್ರ ಬೀಳಬಾರದು ಎಂಬುದು ಹಳೆಯ ಕರಾರು. ಏಳು ದಿನದ ರಜೆ ಹನ್ನೊಂದು ದಿನವಾಯಿತು. ಎರಡು ಪಕ್ಕದ ಬಿಡುವುಗಳು ಸೇರಿದರೆ ಅರ್ಧ ತಿಂಗಳಾಯಿತು. ಬಿದ್ದ ಸುತ್ತುಗಳನ್ನು ಹಾರಿಸಲು ಕಂಪನಿಯು ಬೇರೆ ಪೈಲಟರನ್ನು ಇಟ್ಟುಕೊಂಡಿರಬೇಕು. ಯಂತ್ರವಾದರೆ ರಜೆಯನ್ನು ಮೊದಲೇ ನೋಡಿಕೊಂಡು, ಸುತ್ತುಗಳನ್ನು 7ಕ್ಕೆ ಮುಗಿಸಿ 15ಕ್ಕೆ ಆರಂಭಿಸುತ್ತದೆ. ಕಂಪನಿಯು ಯಂತ್ರವನ್ನು ಕೇಳುವುದು ಈ ಉಳಿತಾಯಕ್ಕಾಗಿ; ನಮ್ಮ ತಂಗಿಯ ಮನೆಯ ತಿಥಿಗಾಗಿ ಅಲ್ಲ.

ಹಾಗಾದರೆ ಹಿರಿಯರ ಸಿಟ್ಟು ಬರಿಯ ಸ್ವಾರ್ಥವೆ? ನಾವು ಮೊದಲು ಹಾಗೆಯೇ ಎಂದೆವು. ಮೊದಲ ಪಂಕ್ತಿಯವರು ಎಲೆಯನ್ನು ಇನ್ನಷ್ಟು ಅಗಲ ಮಾಡಿಕೊಳ್ಳುವ ಉಪಾಯವೆಂದು ಕಂಡಿತು. ಸೋದರಳಿಯನೇ ನಮ್ಮನ್ನು ತಡೆದು ಇನ್ನೊಂದು ಲೆಕ್ಕ ಹೇಳಿದನು. ಸುತ್ತುಗಳು ಬೀಳದಿದ್ದರೆ ಅಷ್ಟೇ ಹಾರಾಟವನ್ನು ಕಡಿಮೆ ಜನ ಮಾಡಿ ಮುಗಿಸಬಹುದು. ಜನ ಕಡಿಮೆ ಸಾಕಾದರೆ ಹೊಸಬರು ಸೇರುವುದಿಲ್ಲ. ಹೊಸಬರು ಸೇರದಿದ್ದರೆ ಕೆಳಗಿನವನ ಕೆಳಗೆ ಯಾರೂ ಬರುವುದಿಲ್ಲ. ಅವನು ಕೊನೆಯವನಾಗಿಯೇ ಉಳಿಯುತ್ತಾನೆ. ಯಂತ್ರವು ಒಂದು ಸಪ್ತಮಿಯನ್ನು ಕೊಟ್ಟು, ಮುಂದಿನ ಎಷ್ಟೋ ವರ್ಷಗಳ ಏಳಿಗೆಯನ್ನು ಹಿಡಿದಿಟ್ಟುಕೊಳ್ಳಬಹುದು. ಪಟ್ಟಿಯು ಚಲಿಸದೆ ನಿಂತರೆ ಏನಾಗುವುದೆಂದು ಅಲ್ಲಿಯವರಿಗೆ ತಿಳಿಯದ್ದಲ್ಲ. 2007ರ ಡಿಸೆಂಬರಿನಲ್ಲಿ ನಿವೃತ್ತಿಯ ವಯಸ್ಸನ್ನು 60ರಿಂದ 65ಕ್ಕೆ ಏರಿಸಿದಾಗ ಮೇಲಿನವರು ಇನ್ನೂ ಐದು ವರ್ಷ ಕುಳಿತರು. ಕೆಳಗಿನವರು ಇದ್ದಲ್ಲಿಯೇ ನಿಂತರು.

ಜಗಳವು ಬೇಗ ಮುಗಿಯುವಂತಹದೂ ಅಲ್ಲ. ರೈಲ್ವೆಯವರಿಗೆಂದು 1926ರಲ್ಲಿ ಮಾಡಿದ ಕಾಯಿದೆಯೊಂದನ್ನು 1936ರಲ್ಲಿ ವಿಮಾನದವರಿಗೂ ಅನ್ವಯಿಸಿದರು. ಅದರ ಪ್ರಕಾರ ಕರಾರಿನ ಅವಧಿ ತೀರಿದರೂ ಕರಾರು ಸಾಯುವುದಿಲ್ಲ. ಹೊಸದು ಆಗುವವರೆಗೆ ಹಳೆಯದೇ ನಡೆಯುತ್ತದೆ. ಮಧ್ಯಸ್ಥಗಾರರು ಕೈಬಿಡುವವರೆಗೂ, ಕೈಬಿಟ್ಟ ಮೇಲೆ ಮೂವತ್ತು ದಿನ ಕಳೆಯುವವರೆಗೂ ಮುಷ್ಕರ ಹೂಡುವಂತಿಲ್ಲ. ಆದುದರಿಂದ ಮಾತು ವರ್ಷಗಟ್ಟಲೆ ಬೆಳೆಯುತ್ತದೆ. ಡೆಲ್ಟಾ, ಯುನೈಟೆಡ್, ಅಮೆರಿಕನ್ ಎಂಬ ಮೂರು ದೊಡ್ಡ ಕಂಪನಿಗಳು ಯಂತ್ರದ ಪದ್ಧತಿಗೆ ಹೋದುವು. ಸೌತ್‌ವೆಸ್ಟಿನ ಪೈಲಟರು 2024ರ ಜನವರಿಯಲ್ಲಿ ಹೊಸ ಕರಾರನ್ನು ಅಂಗೀಕರಿಸಿದಾಗಲೂ ಸಾಲುಗಳ ಪದ್ಧತಿಯನ್ನು ಬಿಡಲಿಲ್ಲ. ಎರಡು ಪಕ್ಷಗಳವರಿಗೂ ಬೆರಳಿಟ್ಟು ತೋರಿಸಲು ಉದಾಹರಣೆಗಳಿಗೆ ಕೊರತೆಯಿಲ್ಲ.

ಹಿರಿಯ ಕ್ಯಾಪ್ಟನ್ನರು ಅಮೆರಿಕನ್ ಕಂಪನಿಯ 2017ರ ಕಥೆಯನ್ನು ಎತ್ತುತ್ತಾರಂತೆ. ಆ ವರ್ಷ ಕ್ರಿಸ್ಮಸ್ಸಿನ ಮುಂಚೆ ಅಲ್ಲಿಯ ಗಣಕಯಂತ್ರವು ತಪ್ಪಿ, ಸುತ್ತುಗಳನ್ನು ಬಿಟ್ಟುಕೊಡಲು ಬಯಸಿದವರಿಗೆಲ್ಲ ಆಗಲಿ ಆಗಲಿ ಎಂದುಬಿಟ್ಟಿತು. ಡಿಸೆಂಬರಿನ ಕೊನೆಯ ಎರಡು ವಾರಗಳಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹಾರಾಟಗಳಿಗೆ ಪೈಲಟರಿಲ್ಲವೆಂದು ಅವರ ಸಂಘವು ಲೆಕ್ಕ ಹೇಳಿತು. ಕಡೆಗೆ ಎರಡರಷ್ಟು ಸಂಬಳ ಕೊಟ್ಟು ಹಬ್ಬವನ್ನು ದಾಟಬೇಕಾಯಿತು. ತಪ್ಪಿದ್ದು ಪಾಳಿ ಹಂಚುವ ಯಂತ್ರವಲ್ಲ, ಹಂಚಿದ ಮೇಲೆ ಬಿಟ್ಟುಕೊಡುವ ಯಂತ್ರ. ಸಿಟ್ಟಿನಲ್ಲಿ ಇಂತಹ ಭೇದಗಳು ನಿಲ್ಲುವುದಿಲ್ಲ.

ನಮ್ಮ ಮನಸ್ಸಿಗೆ ಹಿಡಿಸಿದ ಮಾತು ಅವರದೇ ಇನ್ನೊಂದು. ಹಾಳೆಯಲ್ಲಿ ತನ್ನ ಸಾಲು ಹೋದರೆ, ಯಾರ ಪಾಲಿಗೆ ಹೋಯಿತೆಂದು ಬೆರಳಿಟ್ಟು ನೋಡಬಹುದು. ಅವನು ತನಗಿಂತ ಮೊದಲು ಸೇರಿದವನೆಂದು ಕಂಡು ಸುಮ್ಮನಾಗಬಹುದು. ಯಂತ್ರವು ಇಲ್ಲವೆಂದರೆ ಏಕೆ ಇಲ್ಲವೆಂದು ಯಾರನ್ನು ಕೇಳುವುದು? ನಂಬರಿಗೆ ನೆಂಟರಿಲ್ಲ ನಿಜ. ಯಂತ್ರಕ್ಕೆ ಕಟ್ಟುಗಳನ್ನು ಹಾಕುವವನಿಗೆ ಇರಬಹುದು. ದಾಯಾದಿಗಳ ಭಾಗ ಪತ್ರವನ್ನು ನೋಡಿದ ಗೃಹಸ್ಥರಿಗೆ ಇದು ಬೇಗ ಅರ್ಥವಾದೀತು. ಕಡಿಮೆ ಪಾಲು ಬಂದವನು ಲೆಕ್ಕವನ್ನು ತೋರಿಸಿದರೆ ಎದ್ದುಹೋಗುತ್ತಾನೆ; ತೋರಿಸದಿದ್ದರೆ ಕೋರ್ಟಿಗೆ ಹೋಗುತ್ತಾನೆ.

ಸೋದರಳಿಯನು ಯಾವ ಕಡೆಗೆ ಮತ ಹಾಕುವನೆಂದು ನಾವು ಕೇಳಲಿಲ್ಲ. ಮೊನ್ನೆ ಬರೆದ ಕಾಗದದಲ್ಲಿ ಒಂದು ಸಂಗತಿ ಮಾತ್ರ ತಿಳಿಸಿದ್ದಾನೆ. ಸಂಘದ ಸಭೆಯಲ್ಲಿ ಎದ್ದುನಿಂತು, ಯಂತ್ರವು ಒಂದು ದಿನವನ್ನು ನಿರಾಕರಿಸಿದಾಗ ಅದಕ್ಕೆ ಕಾರಣವನ್ನು, ಆ ದಿನವು ಯಾರ ಪಾಲಿಗೆ ಹೋಯಿತೆಂಬುದನ್ನು ಕೇಳಿದವನಿಗೆ ತೋರಿಸುವುದೆ ಎಂದು ಪ್ರತಿನಿಧಿಯನ್ನು ಕೇಳಿದನಂತೆ. ತೋರಿಸಬೇಕೆಂದು ಕರಾರಿನಲ್ಲಿ ಬರೆಸುತ್ತೇವೆ ಎಂದು ಉತ್ತರ ಬಂದಿತು. ಯಾವ ಕಲಮಿನಲ್ಲಿ ಎಂದು ಇವನು ಮತ್ತೆ ಕೇಳಿದ್ದಾನೆ.