ದೊಡ್ಡವ್ವನ ಹೆಬ್ಬೆಟ್ಟು

ನಾನು ಬಿ.ಎ. ಓದಿದ ಗುಮಾಸ್ತ. ಆದ್ರೂ ಇವತ್ತು ಕಂಪೈಲರ್ ಬಗ್ಗೆ ಬರೀತಿದ್ದೀನಿ, ನಗಬೇಡಿ.

ನಮ್ಮ ಆಫೀಸಲ್ಲಿ ಪೌರಕಾರ್ಮಿಕರ ಹಾಜರಾತಿಗೆ ಬಯೋಮೆಟ್ರಿಕ್ ಡಬ್ಬ ಇದೆ. ಅದು ಕೊಟ್ಟ ಪಟ್ಟಿ ನೋಡಿ ಸಂಬಳದ ಬಿಲ್ ಮಾಡೋದು ನನ್ನ ಕೆಲಸ. ಒಂದು ತಿಂಗಳು ನಮ್ಮ ದೊಡ್ಡವ್ವನ ಹೆಸರಿನ ಮುಂದೆ 9 ದಿನ ಗೈರು. ದಿನಾ ಬೆಳಗ್ಗೆ ಆರಕ್ಕೇ ಪೊರಕೆ ಹಿಡಿದು ನಿಂತಿದ್ದವಳು ಅಂತ ನನಗೆ ಗೊತ್ತು. ಆದ್ರೂ ಕಡಿತ ಹಾಕ್ದೆ. ಹಾಕಿದ್ದು ನಾನೇ.

"ಯಾಕ್ಲಾ ಮಗ, ನಾನು ಬಂದಿದ್ದು ಆ ಡಬ್ಬಕ್ಕೆ ಗೊತ್ತಾಗ್ನಿಲ್ವಾ?"

"ಮಷೀನ್ ತಗೊಂಡಿಲ್ಲ ದೊಡ್ಡವ್ವ" ಅಂದೆ. ಬಾವಿ ಹತ್ರ ನಮ್ಮನ್ನ ತಡೆದವರೂ ಹಿಂಗೇ ಅಂತಿದ್ರು: ನಮ್ದೇನಿಲ್ಲಪ್ಪ, ಪದ್ಧತಿ.

ಪೊರಕೆ, ಬ್ಲೀಚಿಂಗ್ ಪೌಡರ್ ಹಿಡಿದು ಹಿಡಿದು ಅವಳ ಬೆರಳಿನ ಗೆರೆ ಸವೆದಿದೆ. ಡಬ್ಬದ ರಿಪೇರಿಗೆ ಬಂದ ಹುಡುಗನಿಗೆ ಟೀ ಕೊಡಿಸಿ ಕೇಳ್ದೆ. ಒಳಗಿರೋ ಚಿಪ್ಪಿನ ಪ್ರೋಗ್ರಾಮನ್ನ ಎಲ್ಲೋ ಬೇರೆ ಕಂಪ್ಯೂಟರಲ್ಲಿ ಸಿ ಭಾಷೇಲಿ ಬರೀತಾರಂತೆ. ಕ್ರಾಸ್ ಕಂಪೈಲರ್ ಅನ್ನೋ ಸಾಫ್ಟ್‌ವೇರ್ ಅದನ್ನ ಈ ಚಿಪ್ಪಿಗೆ ತಿಳಿಯೋ ಸೊನ್ನೆ, ಒಂದುಗಳಾಗಿ ಮಾಡುತ್ತೆ. ಬರೆದವರು 'ಈ ನಿಯಮ ಯಾಕೆ' ಅಂತ ಹಾಕಿದ ಟಿಪ್ಪಣಿ ಅಷ್ಟರಲ್ಲಿ ಉದುರಿಹೋಗಿರುತ್ತೆ. ಗೆರೆ ಎಷ್ಟು ಹೊಂದಿದ್ರೆ ಹಾಜರಿ, ಎಷ್ಟಕ್ಕೆ ಗೈರು ಅನ್ನೋದೂ ಯಾರೋ ಇಟ್ಟ ಒಂದು ಅಂಕಿ. ಸೋರ್ಸ್ ಕೋಡ್ ತೋರಿಸಪ್ಪ ಅಂದ್ರೆ, "ಅದು ಕಂಪನಿ ಹತ್ರ ಇರುತ್ತೆ ಸಾರ್."

2015ರಲ್ಲಿ ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಮೋಸ ಬಯಲಾಯ್ತಲ್ಲ, ನೆನಪಿದ್ಯಾ? ಎಂಜಿನ್ ನಡೆಸೋ ಪುಟ್ಟ ಕಂಪ್ಯೂಟರೊಳಗೆ, ಪರೀಕ್ಷೆ ನಡೀತಿದ್ರೆ ವಿಷದ ಹೊಗೆ ಕಡಿಮೆ ಬಿಡು, ರಸ್ತೇಲಿ ಚಿಂತೆಯಿಲ್ಲ ಅಂತ ಬರೆದಿಟ್ಟಿದ್ರು. ಕಂಪೈಲರ್ ಅದನ್ನೂ ನಿಯತ್ತಾಗಿ ಅನುವಾದಿಸಿತ್ತು. ಕೊಟ್ಟಿದ್ದನ್ನ ಮಾಡೋದಷ್ಟೇ ಅದರ ಕೆಲಸ, ನನ್ನ ಥರ. ಮೊದಲು ಅನುಮಾನ ಹುಟ್ಟಿದ್ದು ಕೋಡ್ ಓದಿ ಅಲ್ಲ. ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದವರು ಕಾರನ್ನ ರಸ್ತೆಗಿಳಿಸಿ ಹೊಗೆ ಅಳೆದಿದ್ರು, ಅದರಿಂದ.

ಇದನ್ನ ಓದಿದ ಮೇಲೆ ನಾನೂ ಒಂದು ನೋಟ್‌ಬುಕ್ ತಗೊಂಡೆ. 15 ದಿನ ಬೆಳಗ್ಗೆ ಆರಕ್ಕೆ ಡಬ್ಬದ ಪಕ್ಕ ನಿಂತು ಯಾರು ಬಂದ್ರು, ಅದು ಯಾರನ್ನ ಇಲ್ಲ ಅಂತು, ಎಲ್ಲಾ ಬರ್ಕೊಂಡೆ. ಡಬ್ಬ ಒಪ್ಪದೇ ಇದ್ದವರು 7 ಜನ. ಏಳೂ ಜನ ನಮ್ಮ ಕೇರಿಯ ವಯಸ್ಸಾದ ಹೆಂಗಸರು. ಫ್ಯಾನ್ ಕೆಳಗೆ ಕೂರೋ ನಮ್ಮ ಹೆಬ್ಬೆಟ್ಟನ್ನ ಅದು ಒಂದ್ಸಲಾನೂ ಬೇಡ ಅಂದಿಲ್ಲ.

ಆ ಪುಟಗಳ ಜೆರಾಕ್ಸ್ ಲಗತ್ತಿಸಿ ಅರ್ಜಿ ಕೊಟ್ಟಿದ್ದೀವಿ. ಸಾಹೇಬರು "ಟೆಕ್ನಿಕಲ್ ಇಶ್ಯೂ, ನೋಡೋಣ" ಅಂದಿದ್ದಾರೆ. ಈ ತಿಂಗಳ ಬಿಲ್ ನನ್ನ ಟೇಬಲ್ ಮೇಲಿದೆ, ಇನ್ನೂ ಸಹಿ ಹಾಕಿಲ್ಲ.